ಟ್ರೇಲರಿನ ತಳ ನೆಲಕ್ಕೆ ತಾಗದಿರಲು

ಸಂಘದ ಕಚೇರಿಗೆ ಗೊಬ್ಬರಕ್ಕೋ ಮೈಲುತುತ್ತಕ್ಕೋ ಬರುವ ಸದಸ್ಯರು ಕೆಲವು ವರ್ಷಗಳಿಂದ ಒಂದು ಪ್ರಶ್ನೆಯನ್ನು ಮೇಲಿಂದ ಮೇಲೆ ಕೇಳುತ್ತಿದ್ದಾರೆ. ಜೀಪಿನ ಹಿಂದೆ, ಪಿಕಪ್ಪಿನ ಹಿಂದೆ, ಇಲ್ಲವೆ ಪವರ್ ಟಿಲ್ಲರಿಗೆ ಕಟ್ಟಿದ ಎರಡು ಚಕ್ರದ ಸಣ್ಣ ಟ್ರೇಲರ್ ತೋಟದ ರಸ್ತೆಯಲ್ಲಿ ತಳ ತಾಗುತ್ತದೆ. ಎಳೆಯುವ ಗಾಡಿ ಸಲೀಸಾಗಿ ದಾಟಿಹೋದ ಜಾಗದಲ್ಲೇ ಟ್ರೇಲರ್ ಕೂತುಬಿಡುತ್ತದೆ. ಅದನ್ನು ಎಷ್ಟು ಅಂಗುಲ ಎತ್ತರಿಸಿದರೆ ಸರಿಹೋದೀತು ಎಂಬುದೇ ಆ ಪ್ರಶ್ನೆ.

ಎತ್ತರಿಸುವ ಮಾತು ಕೊನೆಗಿರಲಿ, ಮೊದಲು ಅಳೆಯೋಣ ಎಂಬುದು ನನ್ನ ಉತ್ತರ. ತಳ ತಾಗುವುದು ಬರಿಯ ಕಿರಿಕಿರಿಯ ವಿಷಯವಲ್ಲ. ಬ್ರೇಕ್ ಇರುವ ಟ್ರೇಲರುಗಳಲ್ಲಿ ಎಲ್ಲಕ್ಕಿಂತ ಕೆಳಗೆ ಜೋತಾಡುವ ಭಾಗ ಸಾಮಾನ್ಯವಾಗಿ ಬ್ರೇಕಿನ ಸರಳು. ಏರಿನಲ್ಲಿ ಕಲ್ಲಿಗೆ ತಾಗಿ ಅದು ಬಾಗಿದ್ದು ಡ್ರೈವರನ ಗಮನಕ್ಕೆ ಬರುವುದೇ ಇಲ್ಲ. ಬರುವುದು ಮುಂದಿನ ಇಳುಕಲಿನಲ್ಲಿ. ಹಾಗೆಂದು ಆತುರದಿಂದ ಗಾಡಿಯನ್ನು ಎತ್ತರಿಸಿದರೆ ಆ ಅಪಾಯ ಹೋಗಿ ಮಗುಚುವ ಅಪಾಯ ಬಂದು ಸೇರುತ್ತದೆ. ಆದಕಾರಣ ಯಾವ ಭಾಗ, ಎಲ್ಲಿ, ಎಷ್ಟು ತಾಗುತ್ತದೆ ಎಂಬುದನ್ನು ಖಚಿತಮಾಡಿಕೊಳ್ಳದೆ ವರ್ಕ್‌ಷಾಪಿಗೆ ಹೋಗುವುದು ನಾಡಿ ನೋಡದೆ ಔಷಧಿ ಕುಡಿದಂತೆ.

ಎತ್ತಿನ ಗಾಡಿಯ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ನಾಲ್ಕೂವರೆ ಅಡಿಯ ಚಕ್ರ, ನೆಲದಿಂದ ಎರಡಡಿಗೂ ಮೇಲೆ ಅಚ್ಚು. ಜಾಡು ಎಷ್ಟೇ ಆಳವಾದರೂ ನಡುದಿಬ್ಬ ಅಚ್ಚಿಗೆ ಎಟುಕುತ್ತಿರಲಿಲ್ಲ. ಜೀಪಿನ ಟ್ರೇಲರಿನ ವಂಶ ಬೇರೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕಾಗಿ ಬ್ಯಾಂಟಮ್ ಮತ್ತು ವಿಲ್ಲಿಸ್ ಕಂಪನಿಗಳು ತಯಾರಿಸಿದ ‘ಕಾಲು ಟನ್’ ಟ್ರೇಲರಿಗೆ ಜೀಪಿನದೇ 6.00-16 ಅಳತೆಯ ಚಕ್ರಗಳು. ಜೀಪು ನಡೆದ ಜಾಡಿನಲ್ಲೇ ಟ್ರೇಲರೂ ನಡೆಯಲಿ, ಒಂದೇ ಸ್ಟೆಪ್ನಿ ಎರಡಕ್ಕೂ ಆಗಲಿ ಎಂಬ ಲೆಕ್ಕ ಅದರಲ್ಲಿತ್ತು. ಹೆಸರೇ ಹೇಳುವಂತೆ ಕಾಡುದಾರಿಯಲ್ಲಿ ಅದು ಹೊರಬೇಕಾಗಿದ್ದುದು 500 ಪೌಂಡು, ಅಂದರೆ ಸುಮಾರು 227 ಕಿಲೋ ಮಾತ್ರ. ಅದೇ ಮಾದರಿಯನ್ನು ನೋಡಿ ನಮ್ಮಲ್ಲಿ ಬೆಸುಗೆ ಹಾಕಿದ ಗಾಡಿಗಳಿಗೆ ನಾವು ಹೇರುವುದು ಎಷ್ಟೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಣ್ಣು ಕಾಫಿಯ ಚೀಲ ಇಪ್ಪತ್ತಾದರೆ ಒಂದು ಟನ್ ಮುಟ್ಟಲು ಹೆಚ್ಚು ಹೊತ್ತು ಬೇಕಿಲ್ಲ.

ಈ ತೊಂದರೆ ನಮ್ಮದೊಂದೇ ಅಲ್ಲ. ಅಮೆರಿಕದಲ್ಲಿ ಪ್ರವಾಸಕ್ಕೆಂದು ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಮನೆಗಾಡಿಗಳ ಒಡೆಯರೂ ಇದನ್ನೇ ಹೇಳಿಕೊಳ್ಳುತ್ತಾರೆ. ಅವರ ಗಾಡಿಯಲ್ಲಿ ಮಲಿನ ನೀರಿನ ಕೊಳವೆ ತಳದಲ್ಲಿ ಜೋತಾಡುವುದರಿಂದ ಪೆಟ್ರೋಲ್ ಬಂಕಿನ ಏರು ಹತ್ತುವಾಗ ಅದು ಮುರಿಯುತ್ತದೆ. ಬಾಲದ ಅಡಿಗೆ ಸಣ್ಣ ಉರುಳೆಗಳನ್ನು ಕಟ್ಟಿಕೊಳ್ಳುವವರಿದ್ದಾರೆ. ಸ್ಪ್ರಿಂಗಿನ ಮೇಲಿದ್ದ ಆಕ್ಸಲನ್ನು ಅದರ ಅಡಿಗೆ ಬದಲಾಯಿಸಿ ಗಾಡಿಯನ್ನು ಎತ್ತರಿಸುವವರೂ ಇದ್ದಾರೆ. ಅವರ ದಾರಿ ಬಹುಪಾಲು ಡಾಂಬರಿನದು. ನಮ್ಮದು ಒಂದು ಬದಿಗೆ ಧರೆ, ಇನ್ನೊಂದು ಬದಿಗೆ ಕಣಿವೆ. ಅವರ ಉಪಾಯಗಳಲ್ಲಿ ಯಾವುದು ನಮಗೆ ಒಗ್ಗುತ್ತದೆ ಎಂಬುದನ್ನು ಮುಂದೆ ನೋಡೋಣ.

ಅಳತೆ ಹೇಗೆ?

ನೆಲಕ್ಕೂ ಗಾಡಿಯ ಅಡಿಭಾಗಕ್ಕೂ ನಡುವೆ ಇರುವ ಜಾಗಕ್ಕೆ ಗ್ರೌಂಡ್ ಕ್ಲಿಯರೆನ್ಸ್ ಎನ್ನುತ್ತಾರೆ. ಇಲ್ಲಿ ಅದನ್ನು ತೆರಪು ಎಂದು ಕರೆಯೋಣ. ಇದನ್ನು ಖಾಲಿ ಗಾಡಿಯಲ್ಲಿ ಅಳೆಯಬಾರದು. ನೀವು ದಿನವೂ ಹೇರುವಷ್ಟೇ ಭಾರ ಹೇರಿ, ಎಳೆಯುವ ಗಾಡಿಗೆ ಕಟ್ಟಿ, ಸಿಮೆಂಟಿನ ಒಣಕಣದಲ್ಲಿ ಸಮತಟ್ಟಾಗಿ ನಿಲ್ಲಿಸಿ ಅಳೆಯಬೇಕು. ಆಕ್ಸಲಿನ ನಡುಭಾಗ, ಬ್ರೇಕಿನ ಸರಳು, ಸ್ಪ್ರಿಂಗನ್ನು ಬಿಗಿದಿರುವ ಯೂ ಬೋಲ್ಟಿನ ತುದಿಗಳು, ಮೂಕಿಯ ಸ್ಟ್ಯಾಂಡು, ಜೋತುಬಿದ್ದ ಸರಪಳಿ, ಗಾಡಿಯ ಬಾಲದ ಕೊನೆ ಇವಿಷ್ಟನ್ನೂ ಬೇರೆ ಬೇರೆಯಾಗಿ ಅಳೆದು ಬರೆದಿಡಿ. 6.00-16 ಟಯರಿನ ಗಾಡಿಯಲ್ಲಿ ಚಕ್ರದ ಎತ್ತರ ಸುಮಾರು 28 ಅಂಗುಲ, ಆಕ್ಸಲಿನ ನಡುಗೆರೆ 14ರಲ್ಲಿ. ಎರಡೂವರೆ ಅಂಗುಲದ ಆಕ್ಸಲಿನ ಅರ್ಧವನ್ನೂ ಭಾರಕ್ಕೆ ಟಯರು ಅಮುಕಿದ್ದನ್ನೂ ಕಳೆದರೆ ಉಳಿಯುವುದು 12 ಅಂಗುಲ. ಸರಳು ಅದರ ಕೆಳಗೆ 3 ಅಂಗುಲ ಇಳಿಬಿದ್ದಿದ್ದರೆ ನಿಮ್ಮ ನಿಜವಾದ ತೆರಪು 9 ಅಂಗುಲ. ಮಾರುವವನು ಹೇಳಿದ ಅಂಕಿಗೂ ಇದಕ್ಕೂ ಎಷ್ಟೋ ಸಲ ಸಂಬಂಧವಿರುವುದಿಲ್ಲ.

ಇನ್ನು ರಸ್ತೆಯ ಅಳತೆ. ಇದಕ್ಕೆ ಎರಡು ಮರದ ತುಂಡು, ಆರಡಿಯ ಒಂದು ನೆಟ್ಟನೆಯ ಬಿದಿರು ಸಾಕು. ಗಾಡಿಯ ಅತಿ ಕಡಮೆ ತೆರಪಿನಲ್ಲಿ 2 ಅಂಗುಲ ಕಳೆದು, ಉಳಿದ ಎತ್ತರಕ್ಕೆ ಎರಡು ತುಂಡುಗಳನ್ನೂ ಕತ್ತರಿಸಿಕೊಳ್ಳಬೇಕು. ಮೇಲಿನ ಲೆಕ್ಕದಲ್ಲಿ ಅದು 7 ಅಂಗುಲವಾಗುತ್ತದೆ. ಕಳೆದ 2 ಅಂಗುಲ ಗಾಡಿ ಕುಲುಕುವುದಕ್ಕೂ ಚಕ್ರ ಹುದುಗುವುದಕ್ಕೂ ಬಿಟ್ಟದ್ದು. ಎರಡು ಜಾಡುಗಳಲ್ಲೂ ಒಂದೊಂದು ತುಂಡನ್ನು ನಿಲ್ಲಿಸಿ ಅವುಗಳ ಮೇಲೆ ಬಿದಿರನ್ನು ಅಡ್ಡಲಾಗಿ ಇಡಿ. ಬಿದಿರು ಎರಡು ತುಂಡುಗಳ ಮೇಲೂ ಸರಿಯಾಗಿ ಕೂತರೆ ಟ್ರೇಲರಿನ ನಡು ಅಲ್ಲಿ ದಾಟುತ್ತದೆ. ನಡುದಿಬ್ಬಕ್ಕೆ ತಾಗಿ ಬಿದಿರು ಕುಪ್ಪಳಿಸಿದರೆ ಅಲ್ಲಿ ಒಂದು ಗೂಟ ಹೊಡೆಯಿರಿ. ಅರ್ಧ ಮೈಲಿ ರಸ್ತೆಯನ್ನು ಹೀಗೆ ನೋಡಲು ಒಬ್ಬ ಆಳಿಗೆ ಒಂದು ಬೆಳಗು ಸಾಕು. ಹೀಗೆ ನೋಡಿದವರ ರಸ್ತೆಯಲ್ಲಿ ಗೂಟ ಬಿದ್ದದ್ದು ಸಾಮಾನ್ಯವಾಗಿ ಐದಾರು ಕಡೆ ಮಾತ್ರ. ಐದಾರು ಜಾಗದ ದೋಷಕ್ಕಾಗಿ ಇಡೀ ಗಾಡಿಯ ಎತ್ತರವನ್ನೇ ಬದಲಾಯಿಸಬೇಕೆ ಎಂಬುದನ್ನು ಸದಸ್ಯರು ತಾವೇ ಯೋಚಿಸಬೇಕು.

ತಾಗುವ ಭಾಗವನ್ನು ನೋಡಿ ಮದ್ದು

ಆಕ್ಸಲಿನ ಬಳಿ ತಾಗುತ್ತಿದ್ದರೆ ಭಾರ ಇಳಿಸುವುದರಿಂದ ಹೆಚ್ಚಿನ ಲಾಭವಿಲ್ಲ. ಭಾರ ಬಿದ್ದಾಗ ಇಳಿಯುವುದು ಸ್ಪ್ರಿಂಗಿನ ಮೇಲಿರುವ ಪೆಟ್ಟಿಗೆ; ಆಕ್ಸಲ್ ಟಯರು ಅಮುಕಿದಷ್ಟೇ ಇಳಿಯುತ್ತದೆ. ಇಲ್ಲಿ ಮೊದಲ ಕೆಲಸ ಬ್ರೇಕಿನ ಸರಳನ್ನು ಆಕ್ಸಲಿನ ಕೆಳಗಿನಿಂದ ಮೇಲಕ್ಕೆ ತರುವುದು. ಸನ್ನೆಯ ತೋಳನ್ನು ಮೇಲ್ಮುಖವಾಗಿ ತಿರುಗಿಸಿ ಸರಳನ್ನು ಆಕ್ಸಲಿನ ಮೇಲ್ಬದಿಯಿಂದ ಹಾಯಿಸುವುದು ಬಹಳಷ್ಟು ಗಾಡಿಗಳಲ್ಲಿ ಅರ್ಧ ದಿನದ ಕೆಲಸ. ಎರಡನೆಯದು ಯೂ ಬೋಲ್ಟು. ಅದರ ಮರೆತಿರುಪು ಮತ್ತು ನಟ್ಟು ಕೆಳಗೆ ಚಾಚಿಕೊಂಡಿದ್ದರೆ ಕಲ್ಲಿಗೆ ಸವೆದು, ಬಿಚ್ಚಬೇಕಾದಾಗ ಬಿಚ್ಚಲು ಬಾರದಂತಾಗುತ್ತದೆ. ಬೋಲ್ಟನ್ನು ತಲೆಕೆಳಗು ಮಾಡಿ ನಟ್ಟು ಮೇಲೆ ಬರುವಂತೆ ಹಾಕಿಸಿದರೆ ಕೆಳಗೆ ನುಣುಪಾದ ಬಾಗು ಮಾತ್ರ ಉಳಿಯುತ್ತದೆ, ಒಂದು ಅಂಗುಲಕ್ಕಿಂತ ಹೆಚ್ಚು ತೆರಪೂ ಸಿಗುತ್ತದೆ. ಮೂರನೆಯದಾಗಿ, ಆಕ್ಸಲಿನ ಮುಂದೆ ಜಾರುಬಂಡಿಯಂತೆ ಬಾಗಿಸಿದ ಆರು ಮಿಲಿಮೀಟರ್ ದಪ್ಪದ ಕಬ್ಬಿಣದ ಪಟ್ಟಿಯನ್ನು ಚೌಕಟ್ಟಿಗೆ ಬೋಲ್ಟು ಹಾಕಿ ಕೂರಿಸಬಹುದು. ಅದು ತೆರಪನ್ನು ಹೆಚ್ಚಿಸುವುದಿಲ್ಲ, ಆದರೆ ತಾಗಿದಾಗ ಸಿಕ್ಕಿಕೊಳ್ಳದೆ ಜಾರಿಹೋಗುವಂತೆ ಮಾಡುತ್ತದೆ. ಬೆಸುಗೆಯನ್ನು ಆಕ್ಸಲಿಗೂ ಸ್ಪ್ರಿಂಗ್ ಪಟ್ಟಿಗೂ ಮುಟ್ಟಿಸದಿರಿ. ಸ್ಪ್ರಿಂಗಿನ ಹದ ಬೆಸುಗೆಯ ಕಾವಿಗೆ ಕೆಟ್ಟು, ಅಲ್ಲೇ ಮುರಿಯುತ್ತದೆ.

ಬಾಲ ತಾಗುವುದು ಬೇರೆ ಬಗೆ. ಹಳ್ಳದ ತಳದಿಂದ ಎಳೆಯುವ ಗಾಡಿ ಏರು ಹತ್ತಿದಾಗ ಟ್ರೇಲರಿನ ಮೂಗು ಮೇಲೇಳುತ್ತದೆ, ಬಾಲ ಕೆಳಗಿಳಿಯುತ್ತದೆ. ನಾಲ್ಕಕ್ಕೆ ಒಂದರ ಏರು ಎಂದಿಟ್ಟುಕೊಳ್ಳಿ. ಚಕ್ರದಿಂದ ಹಿಂದಕ್ಕೆ ಪೆಟ್ಟಿಗೆ ನಾಲ್ಕು ಅಡಿ ಚಾಚಿಕೊಂಡಿದ್ದರೆ ಬಾಲದ ತುದಿ 12 ಅಂಗುಲ ಇಳಿಯುತ್ತದೆ. ಅಲ್ಲಿ 14 ಅಂಗುಲ ತೆರಪು ಇದ್ದರೂ ಉಳಿದದ್ದು 2. ಗಾಡಿಯನ್ನು 3 ಅಂಗುಲ ಎತ್ತರಿಸಿದರೆ ಅದು 5 ಆಗುತ್ತದೆ. ಎತ್ತರಿಸದೆ ಬಾಲವನ್ನೇ ಒಂದು ಅಡಿ ಮೊಟಕು ಮಾಡಿದರೂ ಇಳಿತ 9 ಅಂಗುಲಕ್ಕೆ ನಿಂತು, ಉಳಿಯುವುದು ಅದೇ 5. ಎರಡರಿಂದಲೂ ಲಾಭ ಸಮ. ಮೊದಲನೆಯದರಲ್ಲಿ ಗಾಡಿ ಮಗುಚುವ ಸ್ವಭಾವ ಹೆಚ್ಚುತ್ತದೆ, ಎರಡನೆಯದರಲ್ಲಿ ಇಲ್ಲ. ಒಂದು ಅಡಿ ಪೆಟ್ಟಿಗೆ ಹೋದರೆ ಮೂರು ನಾಲ್ಕು ಚೀಲದ ಜಾಗ ಹೋಗುತ್ತದೆ, ನಿಜ. ಆ ಮೂರು ನಾಲ್ಕು ಚೀಲ ಅಲ್ಲಿ ಇರಲೇಬಾರದಾಗಿತ್ತು ಎಂಬುದು ನನ್ನ ಅಭಿಪ್ರಾಯ. ಹಿಂಭಾರವಾದ ಟ್ರೇಲರ್ ಎಳೆಯುವ ಗಾಡಿಯ ಹಿಂಬದಿಯನ್ನು ಎತ್ತಿ, ಅದರ ಚಕ್ರಗಳ ಹಿಡಿತವನ್ನೇ ಕಸಿಯುತ್ತದೆ. ಪೆಟ್ಟಿಗೆಯನ್ನು ಕತ್ತರಿಸಲು ಮನಸ್ಸಿಲ್ಲದಿದ್ದರೆ ಬಾಲದ ಕೆಳಮೂಲೆಯನ್ನು ಮಾತ್ರ ಓರೆಯಾಗಿ ಕೊಯ್ದು ಮುಚ್ಚಿಸಬಹುದು. ನಂಬರ್ ಪ್ಲೇಟನ್ನೂ ಹಿಂದಿನ ದೀಪವನ್ನೂ ಮೇಲಕ್ಕೆ ತರಿಸಬೇಕೆಂದು ಬೇರೆ ಹೇಳಬೇಕಿಲ್ಲ.

ಬಾಲ ತಾಗಲು ಇನ್ನೊಂದು ಕಾರಣವಿದೆ, ಅದನ್ನು ಯಾರೂ ನೋಡುವುದಿಲ್ಲ. ಮೂಕಿ ಸಮತಟ್ಟಾಗಿರಬೇಕು. ಕೊಕ್ಕೆಯಿಂದ ಆಕ್ಸಲಿಗೆ ಎಂಟಡಿ, ಆಕ್ಸಲಿನಿಂದ ಬಾಲಕ್ಕೆ ನಾಲ್ಕಡಿ ಇರುವ ಗಾಡಿಯಲ್ಲಿ ಕೊಕ್ಕೆ 4 ಅಂಗುಲ ಹೆಚ್ಚು ಎತ್ತರವಿದ್ದರೆ ಬಾಲ 2 ಅಂಗುಲ ತಗ್ಗುತ್ತದೆ. ಹಳೆಯ ಜೀಪನ್ನು ಮಾರಿ ಎತ್ತರದ ಪಿಕಪ್ಪು ತಂದು, ಅದೇ ಟ್ರೇಲರನ್ನು ಕಟ್ಟಿಕೊಂಡವರ ಗಾಡಿ ಒಂದು ದಿನ ಇದ್ದಕ್ಕಿದ್ದಂತೆ ಬಾಲ ಎಳೆಯತೊಡಗುವುದು ಇದರಿಂದ. ಕೊಕ್ಕೆ ತಗ್ಗಿದ್ದರೆ ತದ್ವಿರುದ್ಧ: ಮೂಗು ಬಗ್ಗಿ, ಹಂಪಿನ ನೆತ್ತಿಯಲ್ಲಿ ಸ್ಟ್ಯಾಂಡು ಉಳುತ್ತದೆ. ನಾಲ್ಕೈದು ತೂತುಗಳಿರುವ ದಪ್ಪ ಪ್ಲೇಟನ್ನು ಎಳೆಯುವ ಗಾಡಿಗೆ ಕೂರಿಸಿ, ಭಾರ ಹೇರಿದ ಮೇಲೆ ಮೂಕಿ ನೆಟ್ಟಗಾಗುವ ತೂತಿಗೆ ಕೊಕ್ಕೆ ಹಾಕಿಸಿದರೆ ಖರ್ಚು ಅಲ್ಪ. ಸ್ಟ್ಯಾಂಡು ಮಡಚುವ ಜಾತಿಯದಾಗಿರಲಿ, ಮಡಚಿದ ಮೇಲೆ ಪಿನ್ನು ಹಾಕಿರಲಿ.

ಕೊಕ್ಕೆಯ ಮೇಲೆ ಬೀಳುವ ಭಾರವೂ ತೆರಪಿಗೆ ಸಂಬಂಧಿಸಿದ್ದೇ. ಜೀಪಿನಂಥ ಗಾಡಿಗೆ ಕಟ್ಟುವ ಟ್ರೇಲರಿನಲ್ಲಿ ಒಟ್ಟು ತೂಕದ ಹತ್ತನೆಯ ಒಂದು ಪಾಲು ಕೊಕ್ಕೆಯ ಮೇಲಿರುವುದು ವಾಡಿಕೆ. 800 ಕಿಲೋದ ಟ್ರೇಲರಿಗೆ 80 ಕಿಲೋ. ಅದಕ್ಕಿಂತ ಬಹಳ ಹೆಚ್ಚಾದರೆ ಮುಂಭಾರ, ಜೀಪಿನ ಹಿಂದಿನ ಸ್ಪ್ರಿಂಗು ಕೂತು ಕೊಕ್ಕೆ ನೆಲ ಸವರುತ್ತದೆ. ಕಡಮೆಯಾದರೆ ಹಿಂಭಾರ, ಗಾಡಿ ಬಾಲ ಆಡಿಸುತ್ತದೆ. ನಮ್ಮ ಅಜ್ಜಂದಿರು ಮೂಕಿಗೆ ಹೆಗಲು ಕೊಟ್ಟು ನೋಡಿ ಇದನ್ನು ಹೇಳುತ್ತಿದ್ದರು. ಹೇರು ಹೆಚ್ಚು ಕಡಮೆಯಾದರೆ ಎತ್ತು ನಡೆಯುವ ರೀತಿಯಲ್ಲೇ ಗೊತ್ತಾಗುತ್ತಿತ್ತು. ಜೀಪು ಹಾಗೇನೂ ಹೇಳುವುದಿಲ್ಲ, ಆದ್ದರಿಂದ ತಕ್ಕಡಿ ಬೇಕು. ಚೀಲದ ಎಣಿಕೆಯನ್ನು ತೂಕವೆಂದು ನಂಬಬೇಡಿ. 2018ರಿಂದ ಯೂರಿಯಾ ಚೀಲ 45 ಕಿಲೋ, ಪೊಟ್ಯಾಷ್ ಚೀಲ 50 ಕಿಲೋ; ಮಳೆಯಲ್ಲಿ ನೆನೆದ ಕೊಟ್ಟಿಗೆ ಗೊಬ್ಬರದ ತೂಕ ದೇವರಿಗೇ ಗೊತ್ತು.

ರಸ್ತೆಯ ಕಡೆಗೂ ನೋಡಬೇಕು

ಜಾಡು ನಾಲ್ಕು ಅಂಗುಲ ಆಳವಾದರೆ ನಿಮ್ಮ ತೆರಪಿನಲ್ಲಿ ನಾಲ್ಕು ಅಂಗುಲ ಹೋದಂತೆಯೇ. ಮಳೆಗಾಲದ ಒಂದು ವಾರ ಓಡಾಡಿದರೆ ಅಷ್ಟು ಇಳಿಯುವ ಮಣ್ಣು ನಮ್ಮಲ್ಲಿ ಬೇಕಾದಷ್ಟಿದೆ. ಆಗ ಸುಲಭವೆಂದು ಎಲ್ಲರೂ ಮಾಡುವುದು ನಡುದಿಬ್ಬವನ್ನು ಹಾರೆಯಿಂದ ಕೆತ್ತಿ ಹಾಕುವ ಕೆಲಸ. ಇದು ಸರಿಯಲ್ಲ. ದಿಬ್ಬ ಕೆತ್ತಿದಷ್ಟೂ ಇಡೀ ರಸ್ತೆ ಅಕ್ಕಪಕ್ಕದ ನೆಲಕ್ಕಿಂತ ತಗ್ಗುತ್ತಾ ಹೋಗಿ, ಮುಂದಿನ ಆಷಾಢಕ್ಕೆ ಅದೇ ಒಂದು ಕಾಲುವೆಯಾಗುತ್ತದೆ. ಗೂಟ ಹೊಡೆದ ಜಾಗಗಳಲ್ಲಿ ಜಾಡಿಗೆ ಮುಷ್ಟಿಗಾತ್ರದ ಕಲ್ಲನ್ನು ಒತ್ತಾಗಿ ಜೋಡಿಸಿ, ಸಂದಿಗೆ ಜಲ್ಲಿ ತುಂಬಿ, ಮೇಲೆ ಗ್ರಾವಲ್ ಮಣ್ಣು ಹರಡಿ ದಿಮ್ಮಿಸಬೇಕು. ತುಂಬಿದ ಜಾಡು ಗಾಡಿಯನ್ನು ಎತ್ತರಿಸಿದಂತೆಯೇ ಸರಿ. ಗಾಡಿಯ ಒಂದು ನಟ್ಟನ್ನೂ ಬಿಚ್ಚಬೇಕಾಗಿಲ್ಲ, ಎಳೆಯುವ ಗಾಡಿಗೂ ಅದರ ಲಾಭ ಸಿಗುತ್ತದೆ.

ಅಡ್ಡಗಾಲುವೆಗಳ ವಿಷಯದಲ್ಲಿ ಒಂದು ಲೆಕ್ಕ ಬಹಳ ಜನರಿಗೆ ಗೊತ್ತಿಲ್ಲ. 28 ಅಂಗುಲದ ಚಕ್ರ ಒಂದು ಅಡಿ ಅಗಲದ ತೆರೆದ ಕಾಲುವೆಯನ್ನು ದಾಟುವಾಗ, ಕಾಲುವೆ ಎಷ್ಟೇ ಆಳವಾಗಿರಲಿ, ಅದರ ಎರಡು ಅಂಚುಗಳ ಮೇಲೆ ಕೂತು ಒಂದೂಕಾಲು ಒಂದೂವರೆ ಅಂಗುಲದಷ್ಟು ಮಾತ್ರ ಇಳಿಯುತ್ತದೆ. ಕಾಲುವೆ ಎರಡು ಅಡಿ ಅಗಲವಾದರೆ ಅದೇ ಚಕ್ರ ಸುಮಾರು 7 ಅಂಗುಲ ಇಳಿಯುತ್ತದೆ. ಅಗಲ ಎರಡರಷ್ಟಾದರೆ ಇಳಿತ ಐದರಷ್ಟು! ಮಣ್ಣಿನ ಅಂಚು ಚಕ್ರಕ್ಕೆ ಕುಸಿದು ಒಂದು ಅಡಿಯ ಕಾಲುವೆ ಎರಡು ಅಡಿಯಾಗುವುದು ಒಂದೇ ಮಳೆಗಾಲದ ಕೆಲಸ. ಆದ್ದರಿಂದ ಅಡ್ಡಗಾಲುವೆಯ ಎರಡೂ ಅಂಚಿಗೆ ಚಪ್ಪಡಿಯನ್ನೋ ಜಂಬಿಟ್ಟಿಗೆಯನ್ನೋ ಕಟ್ಟಿ, ಅಗಲವನ್ನು ಒಂದು ಅಡಿಗೆ ಬಿಗಿಹಿಡಿಯಬೇಕು. ನೀರು ಹೆಚ್ಚು ಬರುವ ಜಾಗವಾದರೆ ಹನ್ನೆರಡಡಿ ಅಗಲದ, ಒಂದು ಅಡಿಗಿಂತ ಆಳವಿಲ್ಲದ, ಕಲ್ಲು ಹಾಸಿದ ತಗ್ಗು ಮಾಡಿ. ಚಕ್ರವೂ ಬಾಲವೂ ನಿಧಾನವಾಗಿ ಇಳಿದು ಏಳುತ್ತವೆ. ಇವೆರಡರ ನಡುವಿನ ಎರಡು ಮೂರು ಅಡಿಯ ಹೊಂಡವೇ ಆಕ್ಸಲ್ ಮುರಿಯುವ ಜಾಗ. ಅಡಿಕೆ ತೋಟದ ಬಸಿಗಾಲುವೆ ದಾಟುವಲ್ಲಿ ಅಡಿಕೆ ದಬ್ಬೆಯ ಸಂಕವನ್ನು ನಂಬಿ ಟ್ರೇಲರ್ ಇಳಿಸುವವರಿಗೆ ಏನು ಹೇಳಲೂ ನನ್ನಲ್ಲಿ ಮಾತಿಲ್ಲ.

ಕೆಲವು ಡ್ರೈವರುಗಳು ನಡುದಿಬ್ಬ ತಾಗುವುದೆಂದು ಒಂದು ಬದಿಯ ಚಕ್ರವನ್ನು ದಿಬ್ಬದ ಮೇಲೆಯೇ ಓಡಿಸುತ್ತಾರೆ. ಸಮನೆಲದಲ್ಲಿ ಇದು ಒಳ್ಳೆಯ ಉಪಾಯ. ಕಣಿವೆಯ ಕಡೆಗೆ ವಾಲಿದ ರಸ್ತೆಯಲ್ಲಿ ಮಾತ್ರ ಕೂಡದು. ಅದಕ್ಕೆ ಕಾರಣ ಮುಂದಿನ ಭಾಗದಲ್ಲಿದೆ.

ಎತ್ತರಿಸಲೇಬೇಕಾದರೆ

ಇಷ್ಟೆಲ್ಲ ಮಾಡಿಯೂ ಸಾಲದಾದರೆ ಎತ್ತರಿಸಬಹುದು. ದಾರಿಗಳು ಎರಡು. ಒಂದು, ದೊಡ್ಡ ಟಯರು. 6.00-16 ತೆಗೆದು 7.50-16 ಹಾಕಿದರೆ ಚಕ್ರದ ಎತ್ತರ ಸುಮಾರು 3 ಅಂಗುಲ ಹೆಚ್ಚುತ್ತದೆ, ಆಕ್ಸಲ್ ಏರುವುದು ಅದರ ಅರ್ಧ, ಒಂದೂವರೆ ಅಂಗುಲ. ಆಕ್ಸಲಿನ ಕೆಳಗೇ ತೆರಪು ಹೆಚ್ಚಿಸುವ ಸರಳ ದಾರಿ ಇದೊಂದೇ. ಆದರೆ ರಿಮ್ಮಿನ ಅಗಲ ಬೇರೆ ಬೇಕು, ಮಡ್‌ಗಾರ್ಡಿಗೆ ಉಜ್ಜುತ್ತದೆಯೇ ನೋಡಬೇಕು, ಬ್ರೇಕಿನ ಶಕ್ತಿಯೂ ನೂರಕ್ಕೆ ಹತ್ತರಷ್ಟು ಕುಗ್ಗುತ್ತದೆ. ಇನ್ನೊಂದು ದಾರಿ ಆಗಲೇ ಹೇಳಿದ ಅಮೆರಿಕದ ಉಪಾಯ, ಆಕ್ಸಲನ್ನು ಸ್ಪ್ರಿಂಗಿನ ಅಡಿಗೆ ತರುವುದು. ಎರಡು ಅಂಗುಲದ ಸ್ಪ್ರಿಂಗ್ ಕಟ್ಟು, ಎರಡೂವರೆ ಅಂಗುಲದ ಆಕ್ಸಲ್ ಆದರೆ ಪೆಟ್ಟಿಗೆ ನಾಲ್ಕೂವರೆ ಅಂಗುಲ ಏರುತ್ತದೆ. ಆಕ್ಸಲ್ ಇದ್ದಲ್ಲೇ ಇರುತ್ತದೆ! ನಡುದಿಬ್ಬಕ್ಕೆ ಆಕ್ಸಲ್ ತಾಗುವವರಿಗೆ ಇದರಿಂದ ಕಾಸಿನ ಪ್ರಯೋಜನವಿಲ್ಲ. ಬಾಲ ತಾಗುವವರಿಗೆ ಮಾತ್ರ ಇದೆ. ನಮ್ಮಲ್ಲಿಯ ಬಹುಪಾಲು ಟ್ರೇಲರುಗಳಲ್ಲಿ ಆಕ್ಸಲ್ ಮೊದಲೇ ಸ್ಪ್ರಿಂಗಿನ ಅಡಿಯಲ್ಲಿರುವುದರಿಂದ ವರ್ಕ್‌ಷಾಪಿನವರು ಸ್ಪ್ರಿಂಗಿಗೂ ಆಕ್ಸಲಿಗೂ ನಡುವೆ ಕಟ್ಟೆಗಳನ್ನು ತುರುಕಿ ಎತ್ತರಿಸುತ್ತಾರೆ. ಒಂದರ ಮೇಲೊಂದು ಕಟ್ಟೆ ಪೇರಿಸುವುದು, ಮರದ ತುಂಡು ಇಡುವುದು, ಹಳೆಯ ಗಿಡ್ಡ ಯೂ ಬೋಲ್ಟಿನಲ್ಲೇ ಬಿಗಿಯುವುದು ಇವುಗಳನ್ನು ಒಪ್ಪಬೇಡಿ.

ಎತ್ತರಿಸಿದ್ದಕ್ಕೆ ತೆರಬೇಕಾದ ಬೆಲೆ ಇಷ್ಟು. ಎರಡು ಚಕ್ರಗಳ ನಡುವೆ ನಾಲ್ಕು ಅಡಿ, ಹೇರಿದ ಗಾಡಿಯ ಭಾರದ ನಡುಬಿಂದು ನೆಲದಿಂದ ಮೂರು ಅಡಿ ಎಂದಿಟ್ಟುಕೊಂಡರೆ ಆ ಗಾಡಿ ಪಕ್ಕಕ್ಕೆ ಸುಮಾರು 34 ಡಿಗ್ರಿ ವಾಲುವವರೆಗೆ ಕಾಗದದ ಮೇಲೆ ಮಗುಚುವುದಿಲ್ಲ. ಪೆಟ್ಟಿಗೆ ನಾಲ್ಕೂವರೆ ಅಂಗುಲ ಏರಿ, ಅದರ ಮೇಲೆ ಇನ್ನೊಂದು ವರಸೆ ಚೀಲ ಬಿದ್ದು ನಡುಬಿಂದು ಮೂರೂವರೆ ಅಡಿಗೆ ಹೋದರೆ ಅದು 30ಕ್ಕಿಂತ ಕೆಳಗಿಳಿಯುತ್ತದೆ. ಮೂವತ್ತು ಬೇಕಾದಷ್ಟಾಯಿತು ಎನ್ನಬೇಡಿ. ರಸ್ತೆ ಕಣಿವೆಯ ಕಡೆಗೆ 8 ಡಿಗ್ರಿ ವಾಲಿರುತ್ತದೆ. ಧರೆಯ ಬದಿಯ ಚಕ್ರ ಆರು ಅಂಗುಲದ ಕಲ್ಲು ಹತ್ತಿದರೆ 7 ಡಿಗ್ರಿ ಸೇರಿತು. ಅದೇ ಗಳಿಗೆಯಲ್ಲಿ ಕೆಳಬದಿಯ ಚಕ್ರ ಆರು ಅಂಗುಲದ ತಗ್ಗಿಗೆ ಬಿದ್ದರೆ ಇನ್ನೂ 7. ಆಗಲೇ 22 ಆಯಿತು. ಕೆಳಬದಿಯ ಸ್ಪ್ರಿಂಗೂ ಟಯರೂ ಅಮುಕುವುದು, ಗಾಡಿ ಜೋಲಿ ಹೊಡೆಯುವುದು, ಸಡಿಲ ಚೀಲ ಸರಿಯುವುದು ಎಲ್ಲವೂ ಉಳಿದ ಎಂಟು ಡಿಗ್ರಿಯೊಳಗೇ ಆಗಬೇಕು. ದಿಬ್ಬದ ಮೇಲೆ ಒಂದು ಚಕ್ರ ಓಡಿಸಬೇಡಿ ಎಂದದ್ದು ಇದಕ್ಕಾಗಿಯೇ.

ಎಲ್ಲಕ್ಕಿಂತ ಕೆಟ್ಟ ಹೇರು ನೀರು. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ದಿನಗಳಲ್ಲಿ, ಅಂದರೆ ರಸ್ತೆ ಅತ್ಯಂತ ಹದಗೆಟ್ಟಿರುವ ದಿನಗಳಲ್ಲೇ, 200 ಲೀಟರಿನ ಡ್ರಮ್ಮುಗಳನ್ನು ಟ್ರೇಲರಿನಲ್ಲಿ ನಿಲ್ಲಿಸಿ ಒಯ್ಯುತ್ತೇವೆ. ತುಂಬಿದ ಡ್ರಮ್ಮು 200 ಕಿಲೋಗೂ ಮೇಲೆ. ಅರ್ಧ ಖಾಲಿಯಾದ ಡ್ರಮ್ಮು ತೂಕದಲ್ಲಿ ಕಡಮೆಯಾದರೂ ಅಪಾಯದಲ್ಲಿ ಹೆಚ್ಚು, ಗಾಡಿ ವಾಲಿದ ಕಡೆಗೇ ನೀರೂ ಓಡುತ್ತದೆ. ನಮ್ಮ ಸದಸ್ಯರೊಬ್ಬರು ಹೊರಗಡೆಯ ವರ್ಕ್‌ಷಾಪೊಂದರಲ್ಲಿ ಕಟ್ಟೆ ಇಡಿಸಿ ಎತ್ತರಿಸಿದ ಟ್ರೇಲರ್ ಇಂಥ ಎರಡು ಡ್ರಮ್ಮು ಹೊತ್ತು ತಿರುವಿನಲ್ಲಿ ಮಗುಚಿತು. ಗಾಡಿ ಆಳಿನ ನಡಿಗೆಗಿಂತ ಜೋರಾಗಿರಲಿಲ್ಲ ಎಂದು ನೋಡಿದವರೆಲ್ಲ ಹೇಳುತ್ತಾರೆ. ಪೆಟ್ಟಿಗೆಯ ಅಂಚಿನಲ್ಲಿ ಕೂತಿದ್ದ ಕೊನೆಗಾರನ ತೊಡೆಯ ಮೂಳೆ ಮುರಿಯಿತು. ಮೂಳೆ ಕೂಡಿದೆ, ನಡೆಯುತ್ತಾನೆ. ಮರ ಹತ್ತುವುದಿಲ್ಲ. ಆ ಟ್ರೇಲರಿನ ತಳ ಮಾತ್ರ ಎಲ್ಲಿಯೂ ತಾಗುತ್ತಿರಲಿಲ್ಲ.

ಡ್ರಮ್ಮು ಒಯ್ಯಲೇಬೇಕಾದರೆ ಕತ್ತಿನವರೆಗೆ ತುಂಬಿ ಮುಚ್ಚಳ ಬಿಗಿದು, ಆಕ್ಸಲಿಗಿಂತ ತುಸು ಮುಂದೆ ನಿಲ್ಲಿಸಿ ಹಗ್ಗದಿಂದ ಕಟ್ಟಿ. ಇನ್ನೂ ಒಳ್ಳೆಯದು, ನೀರು ತೋಟದಲ್ಲೇ ಸಿಗುವಂತಿದ್ದರೆ ಸುಣ್ಣ ಮತ್ತು ಮೈಲುತುತ್ತವನ್ನು ಮಾತ್ರ ಒಯ್ದು ಅಲ್ಲೇ ದ್ರಾವಣ ಮಾಡುವುದು. ಆಳುಗಳು ನಡೆದು ಬರಲಿ. ಸರಕಿನ ಟ್ರೇಲರ್ ಜನ ಕೂರಲು ಮಾಡಿದ್ದಲ್ಲ; ಕೂತವನಿಗೆ ಏನಾದರೂ ಆದರೆ ವಿಮೆಯೂ ಕೈಬಿಡುವ ಸಂಭವ ಹೆಚ್ಚು. ಹಾಗೆಯೇ ನೋಂದಣಿಯಾದ ಟ್ರೇಲರಿನ ಮೂಲ ರಚನೆಯನ್ನು ಬದಲಾಯಿಸುವುದಕ್ಕೆ 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಸೆಕ್ಷನ್ನಿನ ಕಟ್ಟುಪಾಡುಗಳಿವೆ. ಆಕ್ಸಲನ್ನೋ ಪೆಟ್ಟಿಗೆಯನ್ನೋ ಮುಟ್ಟುವ ಮುನ್ನ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ.

ಪವರ್ ಟಿಲ್ಲರಿನವರಿಗೆ ಒಂದೆರಡು ಮಾತು ಬೇರೆಯಾಗಿ ಹೇಳಬೇಕು. ಟಿಲ್ಲರಿನ ಟ್ರೇಲರುಗಳಲ್ಲಿ ಸ್ಪ್ರಿಂಗು ಇಲ್ಲದವೇ ಹೆಚ್ಚು, ಆದ್ದರಿಂದ ತಗ್ಗಿಗೆ ಬಿದ್ದಾಗ ಪೆಟ್ಟೆಲ್ಲ ನೇರವಾಗಿ ಆಕ್ಸಲಿಗೆ. ಬ್ರೇಕು ಇರುವುದೂ ಟ್ರೇಲರಿನ ಚಕ್ರಕ್ಕೇ, ಅದರ ಸರಳು ಕಲ್ಲಿಗೆ ಬಾಗಿತೆಂದರೆ ಇಳುಕಲಿನಲ್ಲಿ ಹೇರಿನ ಅಷ್ಟೂ ಭಾರ ಟಿಲ್ಲರನ್ನು ಹಿಂದಿನಿಂದ ನೂಕುತ್ತದೆ. ಆಗ ಗಾಬರಿಯಲ್ಲಿ ಎಡಕ್ಕೆ ತಿರುಗಿಸಲು ಎಡಗಡೆಯ ಸ್ಟೇರಿಂಗ್ ಕ್ಲಚ್ ಹಿಡಿದರೆ ಎಡಚಕ್ರ ಇಂಜಿನ್ನಿನ ಹಿಡಿತ ತಪ್ಪಿ ಮುಂದಕ್ಕೋಡುತ್ತದೆ, ಬಲಚಕ್ರವನ್ನು ಇಂಜಿನ್ ತಡೆದಿರುತ್ತದೆ, ಗಾಡಿ ಬಲಕ್ಕೆ ತಿರುಗುತ್ತದೆ. ಇಳುಕಲಿನಲ್ಲಿ ಕ್ಲಚ್ ಮುಟ್ಟದೆ, ಮೇಲಿನಿಂದಲೇ ಕೆಳಗಿನ ಗೇರಿನಲ್ಲಿ, ಹಿಡಿಯನ್ನೇ ತಿರುಗಿಸಿಕೊಂಡು ಇಳಿಯಬೇಕು. ಪ್ರತಿ ದಿನ ಮೊದಲ ಇಳುಕಲಿಗೆ ಮುನ್ನ ಬಗ್ಗಿ ಸರಳನ್ನು ಒಮ್ಮೆ ಕೈಯಿಂದ ಮುಟ್ಟಿ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಎಷ್ಟು ಎಚ್ಚರವಿದ್ದರೂ ಒಮ್ಮೆ ತಳ ಕೂತೇಬಿಟ್ಟರೆ ಎಳೆದು ಜಗ್ಗಬಾರದು. ಮೊದಲು ನಾಲ್ಕು ಚಕ್ರಗಳಿಗೂ, ಟ್ರೇಲರಿನ ಎರಡು ಚಕ್ರಗಳಿಗೂ ಕಲ್ಲು ಕೊಡಿ. ಆಮೇಲೆ ಹೇರು ಇಳಿಸಿ. ಮುಂದಿನದನ್ನು ಕೊನೆಗೆ ಬಿಟ್ಟರೆ ಮೂಕಿ ಬಗ್ಗಿ ಕೊಕ್ಕೆಯ ಪಿನ್ನು ಸಿಕ್ಕಿಕೊಂಡೀತೆಂಬ ಭಯ ಬೇಡ, ಆದರೆ ಮುಂದಿನದನ್ನೆಲ್ಲ ಮೊದಲು ಇಳಿಸಿದರೆ ಹಿಂಭಾರಕ್ಕೆ ಮೂಕಿ ಸಿಡಿದೇಳುವ ಅಪಾಯವಿದೆ. ಹೀಗಿರುವಲ್ಲಿ ಹಿಂದೆ ಮುಂದೆ ಎರಡೂ ಕಡೆಯಿಂದ ಸರಿಸಮವಾಗಿ ಇಳಿಸುವುದೇ ಲೇಸು. ಬಳಿಕ ತಗ್ಗಿನಲ್ಲಿರುವ ಚಕ್ರವನ್ನು ಅಗಲವಾದ ಹಲಗೆಯ ಮೇಲೆ ಜಾಕಿ ಇಟ್ಟು ಎತ್ತಿ, ಚಕ್ರದಡಿಗೆ ಕಲ್ಲು ತುಂಬಿ, ಇಳಿಸಿ, ನಿಧಾನವಾಗಿ ಎಳೆಯಬೇಕು. ಜಾಕಿಯ ಮೇಲಿರುವಾಗ ಯಾರೂ ಗಾಡಿಯ ಅಡಿಗೆ ಹೋಗಕೂಡದು, ಏರಿನಲ್ಲಿ ಯಾರೂ ಹಿಂದೆ ನಿಂತು ನೂಕಕೂಡದು.

ಕೊಕ್ಕೆಯ ಭಾರ ನೋಡಬೇಕೆನ್ನುವ ಸದಸ್ಯರು ಕಾಳುಮೆಣಸು ತೂಗುವ ಸಂಘದ ಪ್ಲಾಟ್‌ಫಾರಂ ತಕ್ಕಡಿಯನ್ನು ಬಳಸಿಕೊಳ್ಳಬಹುದು. ಹೇರಿದ ಟ್ರೇಲರನ್ನು ಗೋದಾಮಿನ ಮುಂದೆ ಸಮನೆಲದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಮೂಕಿಯ ತುದಿ ಕೊಕ್ಕೆಯಷ್ಟೇ ಎತ್ತರದಲ್ಲಿರುವಂತೆ ತಕ್ಕಡಿಯ ಮೇಲೆ ಮರದ ದಿಮ್ಮಿ ಇಟ್ಟು ಅದರ ಮೇಲೆ ಕೂರಿಸಿದರೆ ಅಂಕಿ ಬರುತ್ತದೆ. ದಿಮ್ಮಿಯ ತೂಕ ಕಳೆಯಲು ಮರೆಯಬೇಡಿ. ಮೆಣಸಿನ ಕೊಯ್ಲಿನ ದಿನಗಳಲ್ಲಿ ತಕ್ಕಡಿಗೆ ಬಿಡುವಿರುವುದಿಲ್ಲ. ಉಳಿದ ದಿನ ಮಧ್ಯಾಹ್ನ ಮೂರರ ಮೇಲೆ ಬಂದರೆ ಗುಮಾಸ್ತರು ತೂಗಿ ಕೊಡುತ್ತಾರೆ.